ಮರಳಿ ಬಂದ ಮೇಲೆ ಯಾವ ಊರು?



ಗಲ್ಫ್‌ನಲ್ಲಿ ಇಪ್ಪತ್ತೈದು ಮೂವತ್ತು ವರ್ಷ ದುಡಿದು ಮರಳುವ ಗಂಡ 'ಇನ್ನು ಎಲ್ಲಿ ಇರೋಣ?' ಎಂದು ಕೇಳುವ ಹೊತ್ತಿಗೆ ಅನೇಕ ಮನೆಗಳಲ್ಲಿ ಉತ್ತರ ತೀರ್ಮಾನವಾಗಿಯೇ ಇರುತ್ತದೆ. ಮಂಗಳೂರಿನಲ್ಲಿ ಫ್ಲ್ಯಾಟ್‌ಗೆ ಮುಂಗಡ ಕೊಟ್ಟಾಗಿರುತ್ತದೆ, ಇಲ್ಲವೇ ಊರಿನ ಹತ್ತು ಸೆಂಟ್ಸ್ ಜಾಗದಲ್ಲಿ ಎರಡು ಮಹಡಿಯ ಮನೆ ಎದ್ದಿರುತ್ತದೆ. ಹೆಂಡತಿಯ ಬಳಿ ಕೇಳುವುದು ಅಡುಗೆಮನೆಯ ಟೈಲ್ಸ್ ಯಾವ ಬಣ್ಣದ್ದಿರಲಿ ಎಂದು. ಆದರೆ ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವಳು ಆಕೆ. ಗಂಡನಿಗಿಂತ ಐದಾರು ವರ್ಷ ಕಿರಿಯಳಾದ್ದರಿಂದ, ಸಾಮಾನ್ಯವಾಗಿ ಅಲ್ಲಿ ಹೆಚ್ಚು ವರ್ಷ ಬಾಳುವವಳೂ ಆಕೆಯೇ. ಕೊನೆಯ ಕೆಲವು ವರ್ಷ ಒಬ್ಬಳೇ. ಊರು ಆರಿಸುವಾಗ ಈ ಕೊನೆಯ ವರ್ಷಗಳನ್ನು ಕಣ್ಣ ಮುಂದಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯೇ ಉಳಿದುಬಿಡುವ ದಾರಿ ಹೆಚ್ಚಿನವರಿಗೆ ಇಲ್ಲ. ಗಲ್ಫ್‌ನ ವಾಸ ಕೆಲಸಕ್ಕೆ ಅಂಟಿಕೊಂಡದ್ದು. ಯುಎಇಯಲ್ಲಿ ನಿವೃತ್ತರಿಗೆಂದು ಐದು ವರ್ಷದ ವೀಸಾ ಬಂದಿದೆಯಾದರೂ ಅದು ದೊಡ್ಡ ಆಸ್ತಿ, ದೊಡ್ಡ ಉಳಿತಾಯ ಅಥವಾ ಒಳ್ಳೆಯ ಆದಾಯ ಇರುವವರಿಗೆ. ಸೌದಿಯಲ್ಲಿ 2017ರ ಜುಲೈಯಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸಿ 2020ಕ್ಕೆ 400ಕ್ಕೆ ತಂದಾಗ ಎಷ್ಟೋ ತಾಯಂದಿರು ಮಕ್ಕಳೊಂದಿಗೆ ಗಂಡನಿಗಿಂತ ಮುಂಚೆಯೇ ಊರು ಸೇರಿದರು. ಆ ವರ್ಷಗಳಲ್ಲಿ ವರ್ಷದ ನಡುವೆ ನನ್ನ ತರಗತಿಗೆ ಬಂದು ಸೇರಿದ ಮಕ್ಕಳಲ್ಲಿ ಕನ್ನಡ ಅಕ್ಷರ ಬಾರದವರೇ ಹೆಚ್ಚು. ಊರು ಬದಲಾಯಿಸುವ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಾನು ಆಗ ಹತ್ತಿರದಿಂದ ನೋಡಿದೆ.

ಮೊದಲು ಹಳ್ಳಿಯ ಮನೆಯ ಮಾತು. ಗಂಡಸರ ಮನಸ್ಸು ಅಲ್ಲಿಗೇ ಎಳೆಯುತ್ತದೆ. ಅಡಿಕೆ ತೋಟ, ಬಾವಿ, ತಂದೆ ತಾಯಿಯ ಕಬರಸ್ಥಾನ, ನಾಲ್ಕು ಹೆಜ್ಜೆಗೆ ಮಸೀದಿ, ಅಸರ್ ನಮಾಝ್ ಮುಗಿಸಿ ಕೂರಲು ಪರಿಚಯದ ಅಂಗಡಿ. ಆದರೆ ಅದು ಅವರ ಊರು. ನಿಮ್ಮದು ಬಹುಶಃ ಬೇರೆ. ಮೂವತ್ತು ವರ್ಷ ರಜೆಗೆ ಮಾತ್ರ ಬಂದು ಹೋದ ಸೊಸೆಗೆ ಆ ಊರಿನಲ್ಲಿ ಮುಖ ಪರಿಚಯ ಉಂಟು, ಗೆಳತಿಯರಿಲ್ಲ. ಆದರೂ ಹಳ್ಳಿಗೆ ಒಂದು ದೊಡ್ಡ ಗುಣವಿದೆ. ಮೂರು ದಿನ ನಿಮ್ಮ ಬಾಗಿಲು ತೆರೆಯದಿದ್ದರೆ ಯಾರಾದರೂ ಬಂದು ತಟ್ಟುತ್ತಾರೆ. ಅದರ ಬೆಲೆ ಅರವತ್ತು ದಾಟಿದವರಿಗೆ ಗೊತ್ತು. ಅಡ್ಡಿ ಎಂದರೆ ಆಸ್ಪತ್ರೆ. ಪಾರ್ಶ್ವವಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಷ್ಟರೊಳಗೆ ಆಂಬುಲೆನ್ಸ್ ಬರಬೇಕು, ಆಸ್ಪತ್ರೆ ಮುಟ್ಟಬೇಕು, ಸ್ಕ್ಯಾನ್ ಆಗಬೇಕು. ಜುಲೈ ತಿಂಗಳ ರಾತ್ರಿಯಲ್ಲಿ ನಿಮ್ಮ ಮನೆಯಿಂದ ಇದಕ್ಕೆಲ್ಲ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ ನೋಡಿ.

ಭಟ್ಕಳದವರಿಗೂ ಇದೇ ಚಿಂತೆ. ನವಾಯತ್ ಕುಟುಂಬಗಳಿಗೆ ಅಲ್ಲಿ ಏನಿಲ್ಲ? 1912ರಿಂದ ತಂಝೀಮ್ ಇದೆ, 1919ರಿಂದ ಅಂಜುಮನ್ ಇದೆ, ಹೆಂಗಸರು ಹೆದರದೆ ನಡೆದಾಡುವ ಕೇರಿಗಳಿವೆ. ಆದರೆ ಹೃದಯಕ್ಕೋ ಮೆದುಳಿಗೋ ಏನಾದರೂ ಆದರೆ ಸುಮಾರು 90 ಕಿಲೋಮೀಟರ್ ದೂರದ ಮಣಿಪಾಲಕ್ಕೇ ಓಡಬೇಕು.

ಆಸ್ಪತ್ರೆಯೊಂದನ್ನೇ ನೋಡುವುದಾದರೆ ಮಂಗಳೂರನ್ನು ಮೀರಿಸುವ ಊರು ನಮ್ಮ ಕರಾವಳಿಯಲ್ಲಿ ಇಲ್ಲ. ದೇರಳಕಟ್ಟೆಯ ಸುತ್ತಮುತ್ತಲೇ ಮೂರು ವೈದ್ಯಕೀಯ ಕಾಲೇಜುಗಳಿವೆ. ಬಡವರಿಗೆ ವೆನ್ಲಾಕ್ ಇದೆ. ಮಗ ದುಬೈಯಲ್ಲಿದ್ದರೆ ನೇರ ವಿಮಾನದಲ್ಲಿ ಬಜಪೆಗೆ ಬಂದಿಳಿಯಬಹುದು. ಬ್ಯಾರಿ ಮಾತನಾಡುವ ನೆರೆಹೊರೆ, ಮೀನು, ಹಲಾಲ್ ಮಾಂಸ, ಹೆಣ್ಣುಮಕ್ಕಳಿಗೆ ಕಾಲೇಜು, ಎಲ್ಲವೂ ಉಂಟು. ಆದರೆ ಬೆವರು, ಮಳೆ ಮತ್ತು ಏರಿಳಿತ ಮೂರೂ ಸೇರಿದರೆ ಮೊಣಕಾಲು ನೋವಿನ ಹೆಂಗಸಿಗೆ ಮಂಗಳೂರು ಸುಲಭದ ಊರಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನಗರದೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. 2023ರ ಜೂನ್‌ನಲ್ಲಿ ಸರ್ಕಾರ ಶಕ್ತಿ ಯೋಜನೆ ತಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟರೂ, ಸ್ಟೇಟ್ ಬ್ಯಾಂಕಿನಿಂದ ಮನೆಗೆ ಹೋಗುವ ಮಂಗಳೂರಿನ ಉಮ್ಮಂದಿರಲ್ಲಿ ಹೆಚ್ಚಿನವರು ಇವತ್ತಿಗೂ ಟಿಕೆಟ್ ಕೊಂಡೇ ಹೋಗುತ್ತಾರೆ.

ಇನ್ನೊಂದು ಮಾತನ್ನು ಮುಚ್ಚಿಡುವುದು ಬೇಡ. ಮಂಗಳೂರಿರಲಿ ಬೆಂಗಳೂರಿರಲಿ, ಹೆಸರು ಕೇಳಿದೊಡನೆ 'ಫ್ಲ್ಯಾಟ್ ಆಗಲೇ ಹೋಯಿತಲ್ಲ' ಎನ್ನುವವರಿದ್ದಾರೆ. ಆದ್ದರಿಂದ ನಮ್ಮವರು ನಮ್ಮವರಿರುವ ಕಡೆಗೇ ಸರಿಯುತ್ತಾರೆ. ಅಲ್ಲಿ ಸಲಾಮು ಹೇಳುವವರು ಸಿಗುತ್ತಾರೆ, ಚರಂಡಿ ಮಾತ್ರ ಹಲವು ಕಡೆ ಸರಿ ಇರುವುದಿಲ್ಲ. ಅರಬಿಯಲ್ಲಿ 'ಅಲ್ ಜಾರ್ ಖಬ್ಲ ದ್ದಾರ್' ಎಂಬ ಮಾತಿದೆ, ಮನೆಗಿಂತ ಮುಂಚೆ ನೆರೆಮನೆ ನೋಡು ಎಂದು. ಇದನ್ನು ಕೆಲವರು ಹದೀಸ್ ಎಂದೇ ಹೇಳುವುದುಂಟು. ಅದರ ಸನದು ದುರ್ಬಲ, ಗಾದೆಯೆಂದೇ ಇಟ್ಟುಕೊಳ್ಳೋಣ. ನೆರೆಯವರು ಯಾವ ಧರ್ಮದವರೆಂದು ಗಾದೆಯೇನೂ ಹೇಳುವುದಿಲ್ಲ. ಕೊಂಕಣಿ ಮಾತನಾಡುವ ಕ್ರೈಸ್ತ ನೆರೆಯಾಕೆ ರಾತ್ರಿ ಎರಡು ಗಂಟೆಗೆ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದ ಕಾರಣಕ್ಕೆ ಇಂದು ಬದುಕಿರುವ ಅಜ್ಜಿಯೊಬ್ಬರನ್ನು ನಾನು ಬಲ್ಲೆ.

ಬೆಂಗಳೂರಿಗೆ ಹೋಗುವವರು ಹೆಚ್ಚಾಗಿ ಊರಿಗಾಗಿ ಹೋಗುವುದಿಲ್ಲ, ಮಗನಿಗಾಗಿ ಹೋಗುತ್ತಾರೆ. ಹವೆ ಹಿತ. ನಿಮ್ಹಾನ್ಸ್, ಜಯದೇವ, ಕಿದ್ವಾಯಿಯಂತಹ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಅಲ್ಲಿವೆ. ಆದರೆ ಮಗ ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಹನ್ನೆರಡು ಗಂಟೆ ನೀವು ಏನು ಮಾಡುತ್ತೀರಿ? ಮೊಮ್ಮಗುವನ್ನು ನೋಡಿಕೊಳ್ಳುತ್ತೀರಿ, ಸಂತೋಷವೇ. ಮೊಮ್ಮಗು ಶಾಲೆಗೆ ಹೋಗತೊಡಗಿದ ಮೇಲೆ? ಹದಿನಾಲ್ಕನೆಯ ಮಹಡಿಯಲ್ಲಿ ಎದುರು ಬಾಗಿಲಿನವರ ಹೆಸರು ಗೊತ್ತಿರುವುದಿಲ್ಲ. ನಮ್ಮ ಬ್ಯಾರಿ ಭಾಷೆ ಅಲ್ಲಿಯ ಉರ್ದು ಮಾತಿನವರಿಗೆ ಅರ್ಥವಾಗುವುದಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ದುಬಾರಿ ಫ್ಲ್ಯಾಟ್‌ಗಳವರೂ ಟ್ಯಾಂಕರ್ ನೀರಿಗೆ ಕಾದು ಕುಳಿತಿದ್ದರು. ವಝೂವಿಗೆ ಒಂದು ಚೊಂಬು ನೀರನ್ನು ಅಳೆದು ಬಳಸಿದೆವು ಎಂದು ಅಲ್ಲಿರುವ ನನ್ನ ಸಂಬಂಧಿಯೊಬ್ಬರು ಫೋನಿನಲ್ಲಿ ಹೇಳಿದ್ದರು. (ಅಳೆದು ಬಳಸುವುದು ಯಾವಾಗಲೂ ಒಳ್ಳೆಯದೇ, ಅದು ಬೇರೆ ಮಾತು.)

ನನ್ನನ್ನು ಕೇಳಿದರೆ, ಮಕ್ಕಳು ಬೆಂಗಳೂರಿನಲ್ಲಿರುವ ತಾಯಂದಿರು ಮೈಸೂರನ್ನೊಮ್ಮೆ ನೋಡಬೇಕು. ಮಂಗಳೂರಿನ ಏರಿಳಿತ ಅಲ್ಲಿಲ್ಲ, ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಾತ್ರ. ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾದ ಕಡೆ ನಮ್ಮವರು ತುಂಬಾ ಇದ್ದಾರೆ. ಸಿಟಿ ಬಸ್ಸು ಸರ್ಕಾರದ್ದು, ಆದ್ದರಿಂದ ವಯಸ್ಸಾದ ಹೆಂಗಸು ಯಾರ ಮುಂದೆಯೂ ಕೈ ಚಾಚದೆ ತಂಗಿಯ ಮನೆಗೋ, ಕೆ.ಆರ್. ಆಸ್ಪತ್ರೆಗೋ ಹೋಗಿಬರಬಹುದು. ಜಯದೇವ ಹೃದ್ರೋಗ ಆಸ್ಪತ್ರೆ ಅಲ್ಲಿಯೂ ಇದೆ. ಕೊರತೆಯೂ ಇದೆ. ಗಲ್ಫ್ ವಿಮಾನಕ್ಕೆ ಬೆಂಗಳೂರಿನ ಆಚೆ ತುದಿಗೆ ಹೋಗಬೇಕು. ಕರಾವಳಿಯ ಬಂಧುಗಳು ಘಟ್ಟದ ಕೆಳಗೆ ಉಳಿಯುತ್ತಾರೆ, ಮತ್ತು ಘಟ್ಟವನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸಂಪಾಜೆ ರಸ್ತೆ ಕುಸಿದು ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈಯಲ್ಲಿ ಸಕಲೇಶಪುರ ಸುಬ್ರಹ್ಮಣ್ಯದ ನಡುವೆ ಮಣ್ಣು ಕುಸಿದು ರೈಲೂ ನಿಂತಿತು. ಮಯ್ಯಿತ್ತನ್ನು ಬೇಗ ದಫನ ಮಾಡುವ ನಮ್ಮಲ್ಲಿ, ಘಟ್ಟದ ಆಚೆ ಇರುವ ಮಕ್ಕಳು ಕೊನೆಯ ಮುಖ ನೋಡಲು ತಲುಪುತ್ತಾರೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ.

ಊರು ಯಾವುದೇ ಆಗಲಿ, ಮನೆ ಯಾರ ಹೆಸರಿನಲ್ಲಿದೆ? ಇದನ್ನು ಕೇಳಲು ನಮ್ಮ ಹೆಂಗಸರು ನಾಚುತ್ತಾರೆ. ಮದ್ರಸದಲ್ಲಿ ಫರಾಇಝ್ ಓದಿದ ನನಗೆ ನಾಚಿಕೆಯಿಲ್ಲ. ಮನೆ ಪೂರ್ತಿ ಗಂಡನ ಹೆಸರಿನಲ್ಲಿದ್ದು, ಮಕ್ಕಳಿದ್ದು, ಅವರು ತೀರಿಕೊಂಡರೆ ವಿಧವೆಯ ಪಾಲು ಎಂಟರಲ್ಲಿ ಒಂದು. ಸಾಲವಿಲ್ಲದ ಅರವತ್ತು ಲಕ್ಷದ ಮನೆಯಲ್ಲಿ ಅದು ಏಳೂವರೆ ಲಕ್ಷ. ಉಳಿದದ್ದು ಮಕ್ಕಳದ್ದು ಮತ್ತು ಇತರ ವಾರಸುದಾರರದ್ದು. ಅವರು ಮಾರೋಣ ಎಂದರೆ ತಾಯಿ ಚೀಲ ಕಟ್ಟಬೇಕಾಗುತ್ತದೆ. ವಾರಸುದಾರಳಿಗೆ ವಸಿಯ್ಯತ್ ಬರೆದರೆ ಉಳಿದ ವಾರಸುದಾರರು ಒಪ್ಪದೆ ಅದು ನಡೆಯುವುದಿಲ್ಲ. ಆದರೆ ಬದುಕಿರುವಾಗಲೇ ಗಂಡ ಹೆಂಡತಿಗೆ ಹಿಬಾ ಕೊಟ್ಟು ಸ್ವಾಧೀನವನ್ನೂ ಒಪ್ಪಿಸಬಹುದು, ಅಥವಾ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸಬಹುದು. ನಿಮ್ಮ ಚಿನ್ನ ಮಾರಿದ ಹಣ ಆ ಗೋಡೆಗಳಲ್ಲಿದ್ದರೆ ಎರಡನೆಯದು ಉಪಕಾರವಲ್ಲ, ನಿಮ್ಮ ಹಕ್ಕು. ಮಗನಿಗೇ ಮನೆ ಬರೆದುಕೊಡುವವರು, ತಂದೆ ತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಸೇರಿಸಲಿ. ಆ ಷರತ್ತಿದ್ದು ಮಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯವರ ಬಳಿ ದೂರು ಕೊಟ್ಟು ಪತ್ರವನ್ನು ರದ್ದುಪಡಿಸುವಂತೆ ಕೇಳಬಹುದು.

ಇನ್ನೂ ತೀರ್ಮಾನವಾಗದ ಮನೆಯವರಿಗೆ ಒಂದು ಸಲಹೆ. ಕೈಗೆ ಬಂದ ಗ್ರಾಚ್ಯುಯಿಟಿ ಹಣವನ್ನು ಮೊದಲ ತಿಂಗಳಲ್ಲೇ ಮನೆಗೆ ಸುರಿಯಬೇಡಿ. ಮನಸ್ಸಿಗೆ ಬಂದ ಊರಿನಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆ ವರ್ಷದಲ್ಲಿ ಗಂಡನನ್ನೋ ಮಗನನ್ನೋ ಕಾಯದೆ ನೀವೊಬ್ಬರೇ ಔಷಧಿ ಅಂಗಡಿಗೆ, ಬ್ಯಾಂಕಿಗೆ, ಒಬ್ಬ ಗೆಳತಿಯ ಮನೆಗೆ ಹೋಗಿ ಬನ್ನಿ. ಕರಾವಳಿಯಲ್ಲಾದರೆ ಬಾಡಿಗೆಯನ್ನು ಜೂನ್‌ನಲ್ಲಿ ಶುರುಮಾಡಿ. ಎಲ್ಲಿ ಸೋರುತ್ತದೆ, ಕರೆಂಟು ಎಷ್ಟು ದಿನ ಬರುವುದಿಲ್ಲ, ಆಟೋ ಎಲ್ಲಿಯವರೆಗೆ ಬರುತ್ತದೆ ಎಂಬುದೆಲ್ಲ ಮನೆ ತೋರಿಸುವ ಬ್ರೋಕರ್ ಡಿಸೆಂಬರಿನಲ್ಲಿ ಹೇಳುವುದಿಲ್ಲ.