ನಾಲೆಯಲ್ಲಿ ನೀರಿದ್ದರೆ ಸಾಕೆ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ರೈತರಿಗೆ ಗೊತ್ತು: ನಾಲೆಯ ಗೇಜಿನಲ್ಲಿ ನೀರು ಕಂಡರೂ ಕೊನೆಯ ಹೊಲ ಒಣಗಿರಬಹುದು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ರಕ್ತಪರೀಕ್ಷೆಯೂ ಹೀಗೆಯೇ. ಅವರು ನುಂಗುವ ಟ್ಯಾಕ್ರೋಲಿಮಸ್ (1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಸಿಕ್ಕ ಔಷಧ!) ರಕ್ತದಲ್ಲಿ ಬಹುಪಾಲು ಕೆಂಪುಕಣಗಳಿಗೇ ಅಂಟಿಕೊಳ್ಳುತ್ತದೆ. ಆದರೆ ಹೊಸ ಮೂತ್ರಪಿಂಡವನ್ನು ಪರಕೀಯವೆಂದು ಬಗೆದು ದಾಳಿ ಮಾಡುವವು ಬಿಳಿಯ ಲಿಂಫೋಸೈಟುಗಳು. ಔಷಧ ಅವುಗಳ ಒಳಹೊಕ್ಕು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯಬೇಕು. ಒಳಬಂದ ಔಷಧವನ್ನು ಹೊರದಬ್ಬುವ ಪಂಪಿನಂಥ ಪ್ರೋಟೀನೂ ಅಲ್ಲಿದೆ. ಹೀಗಾಗಿ ರಕ್ತದ ಮಟ್ಟ ಸರಿಯಿದ್ದೂ ಕೆಲವರ ದೇಹ ಕಸಿಯನ್ನು ತಿರಸ್ಕರಿಸುವುದುಂಟು. ಕಣದೊಳಗಿನ ಅಳತೆ ಇನ್ನೂ ಬಹುತೇಕ ಸಂಶೋಧಕರ ಕೈಯಲ್ಲೇ ಇದೆ. ಸದ್ಯಕ್ಕೆ ರಕ್ತದ ಅಳತೆಯೇ ಆಧಾರ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಚಕ್ಕೋತ ಹಣ್ಣು ಬೇಡ, ಅದು ಔಷಧದ ಮಟ್ಟವನ್ನು ಏರಿಸಬಲ್ಲದು. ಮೈ ಹಗುರಾಯಿತೆಂದು ಮಾತ್ರೆ ಬಿಡುವುದಂತೂ ಕೂಡದು.