ಶಫಲ್ ಆಫ್ ಮಾಡಿ ಕೇಳಿ

ಬಿಟ್ಟಂಗಾಲದಲ್ಲಿ ಮಳೆ ಹಿಡಿದ್ರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್. ಅದಕ್ಕೇ ನಾನು ಆಲ್ಬಂ ಪೂರ್ತಿ ಡೌನ್‌ಲೋಡ್ ಮಾಡಿಟ್ಕೊಳ್ಳೋದು. ಈ ಸಲದ್ದು ದಿ ಆ್ಯಂಟ್ಲರ್ಸ್ ಬ್ಯಾಂಡಿನ 'ಹಾಸ್ಪಿಸ್'.

ನ್ಯೂಯಾರ್ಕ್‌ನ ಬ್ರೂಕ್ಲಿನ್ ಕಡೆಯ ಇಂಡೀ ಬ್ಯಾಂಡ್ ಇದು. 2009ರಲ್ಲಿ ಮೊದಲು ತಾವೇ ಆಲ್ಬಂ ಬಿಡುಗಡೆ ಮಾಡಿದ್ರು. 10 ಟ್ರ್ಯಾಕ್, ಒಂದೇ ಕಥೆ. ಸಾವಿನಂಚಿನ ರೋಗಿಗಳನ್ನ ನೋಡ್ಕೊಳ್ಳೋ ಒಬ್ಬ, ಕ್ಯಾನ್ಸರ್ ಇರೋ ಅವಳನ್ನ ಪ್ರೀತಿಸ್ತಾನೆ. ಅವಳು ಚುಚ್ತಾಳೆ; ಇವನು ತಪ್ಪೆಲ್ಲ ನಂದೇ ಅಂದ್ಕೊಂಡು ಅಲ್ಲೇ ಉಳೀತಾನೆ. ಆಸ್ಪತ್ರೆ ಒಂದು ರೂಪಕ. ಹೇಳ್ತಿರೋದು ಮನಸ್ಸನ್ನ ಹಿಂಡೋ ಸಂಬಂಧದ ಬಗ್ಗೆ.

"ಪಾಸ್‌ವರ್ಡ್ ಕೊಡು, ಇಲ್ಲಾಂದ್ರೆ ಏನಾದ್ರೂ ಮಾಡ್ಕೊಳ್ತೀನಿ" ಅನ್ನೋದನ್ನ ನಾವು ಪ್ರೀತಿ ಅಂತಾನೇ ಕರೀತೀವಿ. ನಾನೂ ಒಂದು ವರ್ಷ ಹಾಗೇ ಕರೆದೆ. ದಿನಾ ಸಾರಿ ಕೇಳೋದೇ ನನ್ನ ಕೆಲಸ ಆಗಿತ್ತು. ಒಬ್ಬರಿಗೆ ಕಷ್ಟ ಇದೆ ಅಂದ್ರೆ ಜೊತೆಗೆ ನಿಲ್ಲೋಣ, ಸರಿ. ಆದ್ರೆ ಆ ಕಷ್ಟ ಇನ್ನೊಬ್ಬರನ್ನ ನೋಯಿಸೋಕೆ ಲೈಸೆನ್ಸ್ ಅಲ್ಲ.

ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ಪದ ಹಾಡಿದ್ರು. ಗಿಟಾರಿಗೆ ಕನ್ನಡ ಚೆನ್ನಾಗೇ ಒಗ್ಗುತ್ತೆ. ದಾಂಪತ್ಯದ ಸುಖಕ್ಕೆ ನಮಗೆ 'ಮೈಸೂರು ಮಲ್ಲಿಗೆ' ಇದೆ. ಕೆಟ್ಟುಹೋದ ಪ್ರೀತಿನ ಶುರುವಿಂದ ಕೊನೆತನಕ ಹೇಳೋ ಕನ್ನಡ ರಾಕ್ ಆಲ್ಬಂ ಕೂಡ ನಂಗೆ ಬೇಕು. ನಮ್ಮಲ್ಲೇ ಯಾರಾದ್ರೂ ಮಾಡ್ರಪ್ಪಾ!

ಅಲ್ಲಿತನಕ ಇದನ್ನ ಕೇಳಿ. ಸುಮಾರು 50 ನಿಮಿಷ, ಮೊದಲಿಂದ ವರಸೆಯಾಗಿ. ಮಧ್ಯದಲ್ಲಿ ಎಲ್ಲಾದ್ರೂ 'ಅಯ್ಯೋ, ಇದು ನನ್ನದೇ ಕಥೆ' ಅನ್ನಿಸಿದ್ರೆ ಒಬ್ಬರೇ ನುಂಗ್ಕೋಬೇಡಿ. ನಂಬೋ ಒಬ್ಬರಿಗೆ ಇವತ್ತೇ ಹೇಳಿ. ನಾನು ಹೇಳಿದ್ದು ತುಂಬ ತಡವಾಗಿ.