ಅಂಜಬೇಕಾದುದು ಶಸ್ತ್ರಕ್ಕಲ್ಲ, ವಿಳಂಬಕ್ಕೆ

ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಐದು ಸ್ಥಾನಗಳಲ್ಲಿ ವರ್ಗಾಕ್ಷರಗಳು ಹುಟ್ಟುತ್ತವೆಂದು ವ್ಯಾಕರಣದ ಮೊದಲ ಪಾಠದಲ್ಲಿಯೇ ಮಕ್ಕಳಿಗೆ ಕಲಿಸುತ್ತೇವೆ. ಆ ಸ್ಥಾನಗಳಿಗೇ ಅರ್ಬುದ, ಅಂದರೆ ಕ್ಯಾನ್ಸರ್ ರೋಗವು ತಗುಲಿದಾಗ ಮಾಡತಕ್ಕುದೇನೆಂಬುದನ್ನೂ ಕಲಿಸುವುದು ವಿದ್ಯಾವಂತರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಸಂತಪುರ, ಔರಾದ, ಭಾಲ್ಕಿಗಳ ನಮ್ಮ ಸೀಮೆಯಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕುಗಳನ್ನು ಅಗಿಯುವುದು ಹೊಲದಲ್ಲಿಯೂ ಸಂತೆಯಲ್ಲಿಯೂ ವಾಡಿಕೆಯಾಗಿದೆ. ತಂಬಾಕು ಬೆರೆಸದ ಎಲೆಯಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರ ತನ್ನ ಗ್ರಂಥದಲ್ಲಿ ಸಾರಿದೆ. ಅಗಿದುದನ್ನು ಒತ್ತರಿಸಿಡುವ ಗಲ್ಲದ ಒಳಬದಿ ಹಾಗೂ ಒಸಡುಗಳಲ್ಲಿಯೇ ನಮ್ಮ ದೇಶದಲ್ಲಿ ಈ ಹುಣ್ಣು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

‘ಕೊಯ್ದರೆ ರೋಗ ಹಬ್ಬುತ್ತದೆ’ ಎಂಬ ಮಾತು ಜನರಲ್ಲಿದೆ. ಅದು ನಿರಾಧಾರವಾದುದು. ಬಾಯಿಯ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯೋಪಾಯ. ರೋಗದ ಬೇರು ಉಳಿಯಬಾರದೆಂದು ವೈದ್ಯರು ಹುಣ್ಣಿನೊಡನೆ ಸುತ್ತಲಿನ ಸುಮಾರು 1 ಸೆಂ.ಮೀ. ನಿರೋಗಿಭಾಗವನ್ನೂ ತೆಗೆಯುತ್ತಾರೆ. ಕುತ್ತಿಗೆಯ ಗ್ರಂಥಿಗಳಿಗೂ ರೋಗವಿಳಿಯುವ ಸಂಭವವಿರುವುದರಿಂದ ಅವುಗಳನ್ನೂ ತೆಗೆಯಬೇಕಾಗಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಆರಂಭದ ಹಂತದ ರೋಗಿಗಳ ವಿಷಯದಲ್ಲಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾಗಿದೆ: ಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ತೆಗೆದವರಲ್ಲಿ 3 ವರ್ಷಗಳ ತರುವಾಯ ಶೇಕಡಾ 80ರಷ್ಟು ಜನ ಬದುಕಿದ್ದರೆ, ಗಂಟು ಕಾಣುವತನಕ ಕಾದವರಲ್ಲಿ ಶೇಕಡಾ 67.5ರಷ್ಟು ಜನ ಮಾತ್ರ ಬದುಕಿದ್ದರು.

ತೆರವಾದ ಸ್ಥಳವನ್ನು ಎದೆಯ ಅಥವಾ ಮುಂಗೈಯ ಚರ್ಮಮಾಂಸಗಳಿಂದಲೂ, ದವಡೆಯನ್ನು ಕಾಲಿನ ಎಲುಬಿನಿಂದಲೂ ಕಟ್ಟಿಕೊಡುವ ವಿದ್ಯೆ ಇಂದು ಬೆಳೆದಿದೆ. ಆದರೂ ಕಟ್ಟಿದ ನಾಲಗೆ ಹುಟ್ಟುನಾಲಗೆಯಂತೆ ಹೊರಳಲಾರದು. ನಾಲಗೆಯ ತುದಿ ಹೋದರೆ ಟವರ್ಗ, ತವರ್ಗಗಳು ಸಡಿಲವಾಗುವುವು; ಬುಡ ಹೋದರೆ ಕವರ್ಗ; ತುಟಿ ಹೋದರೆ ಪವರ್ಗ. ಹುಣ್ಣು ಕಾಳಿನಷ್ಟಿರುವಾಗಲೇ ಹೋದವನು ಬಹುಮಟ್ಟಿಗೆ ತನ್ನ ನುಡಿಯನ್ನು ಉಳಿಸಿಕೊಂಡು ಬರುತ್ತಾನೆ. ತಡಮಾಡಿದವನು ಅಕ್ಷರಗಳನ್ನಷ್ಟೇ ಅಲ್ಲ, ಪ್ರಾಣವನ್ನೂ ಕಳೆದುಕೊಂಡಾನು. ಆದುದರಿಂದ ನಾವು ಅಂಜಬೇಕಾದುದು ಶಸ್ತ್ರಕ್ಕಲ್ಲ, ವಿಳಂಬಕ್ಕೆ.

ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ, ಕುತ್ತಿಗೆಯಲ್ಲಿ ಗಂಟು: ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸತಕ್ಕದ್ದು. ನೋವಿಲ್ಲವೆಂದು ಸುಮ್ಮನಿರಲಾಗದು, ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ನಮಗೆ ದೂರವಾದರೂ, ಅದರ ಶಾಖೆ ಕಲಬುರಗಿಯಲ್ಲಿದೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಮುತ್ಯಾ, ಅಜ್ಜಿಯರಿಗೆ ಈ ಲಕ್ಷಣಗಳನ್ನು ಓದಿಹೇಳಿರಿ.

ಕಡೆಯದಾಗಿ ಒಂದು ಮಾತು. ಚಿಕಿತ್ಸೆ ಪಡೆದು ಮರಳಿದವರ ಮುಖ ಓರೆಯಾಗಿರಬಹುದು, ಮಾತು ತೊದಲಬಹುದು. ನಾಚಿಕೆಯಿಂದ ಅವರು ಮನೆಯ ಮೂಲೆ ಸೇರುವುದೂ, ಅದನ್ನು ಕಂಡು ಉಳಿದವರು ಚಿಕಿತ್ಸೆಗೇ ಹಿಂಜರಿಯುವುದೂ ಉಂಟು. ಉಚ್ಚಾರಶುದ್ಧಿಯನ್ನು ಬೋಧಿಸುವ ನಾವೇ ಆ ತೊದಲುನುಡಿಯನ್ನು ತಾಳ್ಮೆಯಿಂದ, ಗೌರವದಿಂದ ಆಲಿಸುವುದನ್ನು ಮೊದಲು ಕಲಿಯೋಣ. ಮರಣವನ್ನು ಗೆದ್ದು ಬಂದ ನಾಲಗೆಯಲ್ಲಿ ಉಚ್ಚಾರದೋಷವನ್ನು ಹುಡುಕುವುದು ಪಾಂಡಿತ್ಯವಲ್ಲ.